ಕೊಸರು

ಎರಡು ತಿಂಗಳ ಹಿಂದಿನ ಮಾತು. ಒಂದು ಶನಿವಾರ ಬೆಳಿಗ್ಗೆ, ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಹೊಸದಾಗಿ ಶುರುವಾದ ತೈವಾನಿ ತಿಂಡಿ ಹೋಟೆಲಿಗೆ ಹೋಗಿದ್ದೆವು. ನಾವಿರುವುದು ಕ್ಯಾಲಿಫೋರ್ನಿಯಾದ ಮಿಲ್ಪಿಟಸ್‌ನಲ್ಲಿ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತ ಮೇಲೆ ಜಾಗ ಸಿಕ್ಕಿತು. ಎರಡು ದಾನ್‌ಬಿಂಗ್ ಹೇಳಿದೆವು. ತೆಳ್ಳಗಿನ ರೊಟ್ಟಿಗೆ ಮೊಟ್ಟೆ ಹಚ್ಚಿ, ಸುರುಳಿ ಸುತ್ತಿ, ತುಂಡು ಮಾಡಿ ಕೊಡುವ ತಿಂಡಿ ಅದು. ಜೊತೆಗೆ ಎರಡು ಲೋಟ ಬಿಸಿ ಸೋಯಾ ಹಾಲು, ಅದರಲ್ಲಿ ಅದ್ದಿಕೊಂಡು ತಿನ್ನಲು ಒಂದು ಯೋಟ್ಯಾವ್, ಅಂದರೆ ಎಣ್ಣೆಯಲ್ಲಿ ಕರಿದ ಉದ್ದನೆಯ ಮೈದಾ ಕೋಲು. ತೆರಿಗೆ, ಟಿಪ್ಸ್ ಎಲ್ಲ ಸೇರಿ 51 ಡಾಲರ್ ಆಯಿತು.

ರುಚಿ ಕೆಟ್ಟಿತ್ತಾ ಅಂದರೆ, ಇಲ್ಲ. ಚೆನ್ನಾಗಿಯೇ ಇತ್ತು. ಸೋಯಾ ಹಾಲಿನಲ್ಲಿ ತಳ ಸ್ವಲ್ಪ ಹಿಡಿದ ಆ ಸುಟ್ಟ ವಾಸನೆ ಕೂಡ ಇತ್ತು. ಗೊತ್ತಿರುವವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಹೊರಗೆ ಬಂದಾಗ ನನ್ನ ಗಂಡ ಕೇಳಿದರು, "ಇದೇನಾ ನೀನು ಅಲ್ಲಿ ಐದು ವರ್ಷ ತಿಂದಿದ್ದು?" ಹೌದು ಅನ್ನಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ತಿಂಡಿ ಅದೇ, ಅನುಮಾನ ಇಲ್ಲ. ಆದರೂ ಅದೇ ಅಂತ ಹೇಳಲು ಮನಸ್ಸು ಒಪ್ಪಲಿಲ್ಲ. ಕಾರಿನಲ್ಲಿ ಕೂತು ಯೋಚಿಸುತ್ತಾ ಬಂದೆ. ಆಮೇಲೆ ಎರಡು ತಿಂಗಳಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಸ್ವಸ್ತಿಕ ಇರುವ ಅಂಗಡಿ

ನಾನು ತೈವಾನಿನ ಶಿಂಚುವಿಗೆ ಹೋಗಿದ್ದು 2011ರ ಸೆಪ್ಟೆಂಬರಿನಲ್ಲಿ, ತ್ಸಿಂಗ್ ಹುವಾ ವಿಶ್ವವಿದ್ಯಾಲಯಕ್ಕೆ, ಪಿಎಚ್‌ಡಿ ಮಾಡಲು. ನಮ್ಮ ಮನೆ ಉಡುಪಿ ಹತ್ತಿರ. ಅಮ್ಮ ಈರುಳ್ಳಿ ಬೆಳ್ಳುಳ್ಳಿಯನ್ನು ಅಡುಗೆ ಮನೆಯೊಳಗೆ ತರುವವರೇ ಅಲ್ಲ. ಬೆಂಗಳೂರಿನ ಹಾಸ್ಟೆಲಿನಲ್ಲಿ ನಾನು ಈರುಳ್ಳಿ, ಮೊಟ್ಟೆ ಎರಡನ್ನೂ ಶುರು ಮಾಡಿದ್ದೆ. ಅದರಾಚೆ ಹೋಗಿರಲಿಲ್ಲ. ಮೊದಲ ವಾರ ಬ್ರೆಡ್ಡು, ಬಾಳೆಹಣ್ಣು, ಊರಿನಿಂದ ತಂದ ಅವಲಕ್ಕಿಯಲ್ಲೇ ಕಳೆಯಿತು. ಏನು ಕೇಳಬೇಕು ಅಂತ ಗೊತ್ತಿಲ್ಲ, ಕೇಳಲು ಭಾಷೆ ಇಲ್ಲ. ನನ್ನ ಪಾಡು ನೋಡಿ ಲ್ಯಾಬಿನ ಸೀನಿಯರ್ ಒಬ್ಬಳು ಹೇಳಿದಳು, "ಬೋರ್ಡ್ ಓದಲು ಬರದಿದ್ದರೂ ಪರವಾಗಿಲ್ಲ, ಸ್ವಸ್ತಿಕ ಇದೆಯಾ ನೋಡು. ಇದ್ದರೆ ಒಳಗೆ ಹೋಗು."

ನಿಜ. ತೈವಾನಿನಲ್ಲಿ ಎಷ್ಟೋ ಸಸ್ಯಾಹಾರಿ ಅಂಗಡಿಗಳ ಬೋರ್ಡಿನಲ್ಲಿ ಸ್ವಸ್ತಿಕ ಇರುತ್ತದೆ. ನಮ್ಮದಕ್ಕೆ ಕನ್ನಡಿ ಹಿಡಿದ ಹಾಗೆ, ಎಡಕ್ಕೆ ತಿರುಗಿದ್ದು. ಬುದ್ಧನ ಗುರುತು ಅದು. ಗ್ವಾಂಗ್‌ಫು ರಸ್ತೆಯಿಂದ ಒಂದು ಓಣಿ ಒಳಗೆ ಹೋದರೆ ಅಂಥ ಒಂದು ಅಂಗಡಿ. ಉದ್ದಕ್ಕೆ ಇಪ್ಪತ್ತು ಮೂವತ್ತು ಟ್ರೇ. ಎಲೆಕೋಸು, ಬದನೆ, ಸಿಹಿ ಕುಂಬಳ, ಹತ್ತು ಬಗೆ ತೋಫು, ಮತ್ತೆ ಕಳಲೆ! ಮಳೆಗಾಲದಲ್ಲಿ ಮನೆಯಲ್ಲಿ ಮಾಡುವ ಕಳಲೆಯನ್ನು ಅಲ್ಲಿ ನೋಡಿದಾಗ ಕಣ್ಣು ತುಂಬಿ ಬಂತು. ಇನ್ನೊಂದು ಟ್ರೇಯಲ್ಲಿ ಕಂದು ಬಣ್ಣದ, ಸ್ಪಂಜಿನಂಥ ತುಂಡುಗಳಿದ್ದವು. ನಾವು ಗೋಧಿ ಹಾಲು ತೆಗೆದು ಹಲ್ವಾ ಮಾಡುವಾಗ ಕೊನೆಗೆ ಉಳಿಯುವ ಅಂಟು ಇದೆಯಲ್ಲ, ನಾವು ಬಿಸಾಡುವುದು, ಅದನ್ನೇ ಅವರು ಇಟ್ಟುಕೊಂಡು ಸೋಯಾ ಸಾಸಿನಲ್ಲಿ ಬೇಯಿಸುತ್ತಾರೆ.

ಬೇಕಾದ್ದನ್ನು ತಟ್ಟೆಗೆ ಬಡಿಸಿಕೊಂಡು ಹೋದರೆ ಕೊನೆಯಲ್ಲಿ ತಕ್ಕಡಿ. ತೂಕಕ್ಕೆ ತಕ್ಕ ದುಡ್ಡು. ಅನ್ನಕ್ಕೆ ಹತ್ತು ತೈವಾನ್ ಡಾಲರ್ ಬೇರೆ. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಸೂಪ್ ಇರುತ್ತಿತ್ತು, ಅದಕ್ಕೆ ದುಡ್ಡಿಲ್ಲ. ಹೊಟ್ಟೆ ತುಂಬ ಊಟಕ್ಕೆ ಅರವತ್ತು ಎಪ್ಪತ್ತು ಡಾಲರ್ ಆಗುತ್ತಿತ್ತು. ಆಗ ಒಂದು ತೈವಾನ್ ಡಾಲರಿಗೆ ನಮ್ಮ ಎರಡು ರೂಪಾಯಿ ಲೆಕ್ಕ ಹಿಡಿಯುತ್ತಿದ್ದೆವು. ಬೆಳಗಿನ ತಿಂಡಿ ಇನ್ನೂ ಅಗ್ಗ. ದಾನ್‌ಬಿಂಗ್ ಇಪ್ಪತ್ತೈದು, ಸೋಯಾ ಹಾಲು ಹದಿನೈದು. ಸ್ಟೈಪೆಂಡಿನಲ್ಲಿ ಬದುಕುವವಳಿಗೆ ತಿಂಗಳ ಕೊನೆಯಲ್ಲೂ ಊಟದ ಚಿಂತೆ ಇರಲಿಲ್ಲ.

ತಕ್ಕಡಿ ಮುಂದೆ ಕೂರುತ್ತಿದ್ದವರನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ಚೀನೀ ಭಾಷೆಯಲ್ಲಿ ಚಿಕ್ಕಮ್ಮ ಅಂತ ಅರ್ಥ. ನಮ್ಮ ಊರಿನ ಕೊಂಕಣಿಯವರ ಮನೆಯಲ್ಲಿ ತಾಯಿಗೆ ಅನ್ನುವ ಶಬ್ದ ಅದು, ಹಾಗಾಗಿ ನನ್ನ ಬಾಯಿಗೆ ಬೇಗ ಹೊಂದಿತು. ಅರವತ್ತರ ಆಸುಪಾಸಿನವರು. ಎರಡೂ ಕೈಗೆ ಮೊಣಕೈವರೆಗೆ ಹೂವಿನ ಪ್ರಿಂಟಿನ ಬಟ್ಟೆ ತೋಳು ಹಾಕಿಕೊಂಡಿರುತ್ತಿದ್ದರು, ಎಣ್ಣೆ ಸಿಡಿಯದಿರಲಿ ಅಂತ. ಅವರು ತೂಗುವ ರೀತಿ ನೋಡಬೇಕಿತ್ತು. ತಟ್ಟೆ ಇಟ್ಟ ತಕ್ಷಣ ಅಂಕಿ ನೋಡಿ, ಮೇಲಿನ ಎರಡು ಮೂರು ಡಾಲರ್ ಬಿಟ್ಟು ಒಂದು ಸಂಖ್ಯೆ ಹೇಳುತ್ತಿದ್ದರು. ಆಮೇಲೆ, ತಟ್ಟೆ ಕೆಳಗಿಳಿಸಿದ ಮೇಲೆ, ಪಕ್ಕದ ಟ್ರೇಯಿಂದ ಒಂದು ಸೌಟು ಎಲೆಕೋಸು ತೆಗೆದು ನನ್ನ ಅನ್ನದ ಮೇಲೆ ಹಾಕುತ್ತಿದ್ದರು.

ತೂಗಿದ ಮೇಲೆ. ಅದನ್ನು ಗಮನಿಸಲು ನನಗೆ ಎರಡು ವಾರ ಬೇಕಾಯಿತು. ಉಡುಪಿಯ ರಥಬೀದಿಯಲ್ಲಿ ಹೂ ಮಾರುವ ಹೆಂಗಸು ಮೊಳ ಅಳೆದು, ಆಮೇಲೆ ಇನ್ನೊಂದು ಗೇಣು ಬಿಟ್ಟು ಕತ್ತರಿಸುತ್ತಾಳಲ್ಲ, ಹಾಗೆ. ಕೊಸರು. ಆ ಊರಿನಲ್ಲಿ ಅದಕ್ಕೆ ಏನನ್ನುತ್ತಾರೋ ನಾನು ಕೇಳಲಿಲ್ಲ. ನನ್ನ ಮಟ್ಟಿಗೆ ಅದು ಕೊಸರೇ.

ಇಂಗಿನ ಡಬ್ಬಿ

ಶಿಂಚುವಿಗೆ ಗಾಳಿ ಊರು ಅಂತ ಹೆಸರಿದೆ. ಅಲ್ಲಿನ ಅಕ್ಕಿ ಶಾವಿಗೆ ತೈವಾನಿಗೆಲ್ಲ ಹೆಸರುವಾಸಿಯಾಗಿದ್ದೇ ಆ ಗಾಳಿಯಿಂದ. ಒಣಗಲು ಹಾಕಿದರೆ ಚೆನ್ನಾಗಿ ಒಣಗುತ್ತದೆ. ಮನುಷ್ಯರಿಗೆ ಮಾತ್ರ ಚಳಿಗಾಲದಲ್ಲಿ ಕೆಮ್ಮು ಬಿಡುವುದಿಲ್ಲ. ಎರಡನೇ ವರ್ಷದ ಜನವರಿಯಲ್ಲಿ ಆಯಿಗೆ ವಾರಗಟ್ಟಲೆ ಕೆಮ್ಮು. ನನಗೆ ಗೊತ್ತಿದ್ದ ಮದ್ದು ಒಂದೇ. ಹಾಸ್ಟೆಲಿನಲ್ಲಿ ತಾತುಂಗ್ ಕುಕ್ಕರ್ ಇತ್ತು, ತೈವಾನಿನ ಪ್ರತಿ ಮನೆಯಲ್ಲೂ ಇರುವ ಅದೇ ಹಸಿರು ಕುಕ್ಕರ್. ಅದರಲ್ಲಿ ಮೆಣಸಿನ ಸಾರು ಮಾಡಿ, ಚೆನ್ನಾಗಿ ಇಂಗು ಹಾಕಿ, ಫ್ಲಾಸ್ಕಿನಲ್ಲಿ ತುಂಬಿಕೊಂಡು ಹೋದೆ. ಲ್ಯಾಬಿನ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿದ್ದೆ, ಮಾತಿಗೆ ಇರಲಿ ಅಂತ.

ಆಯಿ ಫ್ಲಾಸ್ಕಿನ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು. ಏನೇನು ಹಾಕಿದ್ದೀಯಾ ಅಂತ ಕೇಳಿದರು. ಹುಣಸೆ, ಕಾಳುಮೆಣಸು, ಜೀರಿಗೆ. ಇಂಗಿಗೆ ಶಬ್ದ ಗೊತ್ತಿರಲಿಲ್ಲ. ಚೀಲದಿಂದ ಡಬ್ಬಿ ತೆಗೆದು ತೋರಿಸಿದೆ. ಗೆಳತಿ ಫೋನಿನಲ್ಲಿ ಹುಡುಕಿ ಓದಿದಳು, "ಶಿಂಗ್ ಚೂ." ಆಯಿ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಮುಚ್ಚಳ ಹಾಕಿ, ತಿರುಗಿಸಿ ಭದ್ರ ಮಾಡಿ, ಎರಡೂ ಕೈಯಲ್ಲಿ ಫ್ಲಾಸ್ಕನ್ನು ನನಗೆ ವಾಪಸ್ ಕೊಟ್ಟರು. "ಬೂ ಹಾವ್ ಯೀ ಸ" ಅಂದರು. ಬೇಜಾರು ಮಾಡಿಕೊಳ್ಳಬೇಡ ಅನ್ನುವ ಹಾಗಿನ ಮಾತು ಅದು.

ವಿಷಯ ಏನೆಂದರೆ, ಅಲ್ಲಿನ ಬೌದ್ಧ ಸಸ್ಯಾಹಾರಿಗಳಿಗೆ ಐದು ಘಾಟಿನ ಪದಾರ್ಥ ವರ್ಜ್ಯ. ನಾಲ್ಕು ಈರುಳ್ಳಿ ಬೆಳ್ಳುಳ್ಳಿಯ ಬಳಗದವು. ಐದನೆಯದು ಶಿಂಗ್ ಚೂ. ಅದು ಬೇರೇನೂ ಅಲ್ಲ, ನಮ್ಮ ಹಿಂಗು, ಇಂಗು. ಸಂಸ್ಕೃತದ ಹಿಂಗು ಶಬ್ದವೇ ಬೌದ್ಧ ಗ್ರಂಥಗಳ ಜೊತೆ ಹೋಗಿ ಚೀನೀ ಬಾಯಲ್ಲಿ ಹಾಗಾಗಿದೆ. ತಮ್ಮಲ್ಲಿ ಬೆಳೆಯದ, ಅಡುಗೆಗೆ ಅಷ್ಟಾಗಿ ಬಳಸದ ಒಂದು ಪದಾರ್ಥವನ್ನು ಅವರು ಅಷ್ಟು ಶತಮಾನ ಪಟ್ಟಿಯಲ್ಲಿ ಉಳಿಸಿಕೊಂಡಿದ್ದಾರೆ. ತೈವಾನಿನಲ್ಲಿ 2009ರಿಂದ ಸಸ್ಯಾಹಾರದ ಪ್ಯಾಕೆಟ್ ಮೇಲೆ ಅದು ಯಾವ ಬಗೆಯ ಸಸ್ಯಾಹಾರ ಅಂತ ಅಚ್ಚು ಹಾಕಬೇಕೆಂಬ ನಿಯಮ ಇದೆ. ಮೊಟ್ಟೆ ಇದೆಯಾ, ಹಾಲು ಇದೆಯಾ, ಈ ಐದರಲ್ಲಿ ಯಾವುದಾದರೂ ಇದೆಯಾ ಅಂತೆಲ್ಲ. ನಮ್ಮ ಮನೆಯಲ್ಲಿ ಈರುಳ್ಳಿ ಇಲ್ಲದ್ದಕ್ಕೇ ಇಂಗು. ಅವರಲ್ಲಿ ಈರುಳ್ಳಿಯ ಜೊತೆಗೇ ಇಂಗೂ ಇಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಇಂಗಿಲ್ಲದ ಸಾರಾ? ಅದೆಂಥ ಸಾರು ಮಾರಾಯ್ತಿ!" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ಶುಂಠಿ ಜಾಸ್ತಿ ಹಾಕು, ಜೀರಿಗೆ ಹುರಿದು ಪುಡಿ ಮಾಡಿ ಮೇಲಿಂದ ಹಾಕು, ವ್ರತ ಮಾಡುವವರಿಗೆ ಮಾಡಿದ ಹಾಗೆ" ಅಂದರು. ಎರಡು ದಿನ ಬಿಟ್ಟು ಮತ್ತೆ ಮಾಡಿಕೊಂಡು ಹೋದೆ. ಆಯಿ ತಕ್ಕಡಿ ಪಕ್ಕದಲ್ಲಿ ನಿಂತೇ ಕುಡಿದರು. ಇನ್ನೊಂದು ಲೋಟ ಹಾಕಿಸಿಕೊಂಡರು. ಹಣೆಯ ಬೆವರನ್ನು ಆ ಹೂವಿನ ತೋಳಿನಲ್ಲಿ ಒರೆಸಿಕೊಂಡರು. ಆ ದಿನ ನನ್ನ ತಟ್ಟೆ ತಕ್ಕಡಿ ಹತ್ತಲಿಲ್ಲ.

ಅಗ್ಗ ಹೇಗಾಗುತ್ತಿತ್ತು

ಇಲ್ಲಿನ ಗೆಳೆಯರ ಜೊತೆ ಈ ಮಾತು ಬಂದಾಗ ಒಬ್ಬರು ಕೇಳಿದರು, "ಅಸಲಿ ರುಚಿ ಸಿಕ್ಕಿತಲ್ಲ, ದುಡ್ಡಿನ ಲೆಕ್ಕ ಯಾಕೆ? ಅಮೆರಿಕದಲ್ಲಿ ಅಮೆರಿಕದ ರೇಟು." ಸರಿಯಾದ ಪ್ರಶ್ನೆಯೇ. ನನಗೆ ಅನಿಸುವುದು, ಈ ತಿಂಡಿಗಳಲ್ಲಿ ಅಗ್ಗವೂ ಅಸಲಿಯ ಒಂದು ಭಾಗ. ದಾನ್‌ಬಿಂಗ್ ಹಬ್ಬದ ತಿಂಡಿ ಆಗಿರಲಿಲ್ಲ. ಮಂಗಳವಾರ ಬೆಳಿಗ್ಗೆ ಏಳೂವರೆಗೆ, ತಲೆ ಬಾಚದೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬರುವ ತಿಂಡಿ. ಯೋಚನೆಯನ್ನೇ ಬೇಡದ ತಿಂಡಿ. ಅದಕ್ಕಾಗಿ ಶನಿವಾರ ಕಾದು, ಸಾಲು ನಿಂತು, ಬೆಲೆ ನೋಡಿ ಒಂದು ಬಿಟ್ಟು ಇನ್ನೊಂದು ಆರಿಸಿ ತಿಂದಾಗ ನಾಲಿಗೆಗೆ ಅದೇ ರುಚಿ ಸಿಗಬಹುದು. ದಿನದಲ್ಲಿ ಅದಕ್ಕಿದ್ದ ಜಾಗ ಸಿಗುವುದಿಲ್ಲ.

ಆದರೆ ಆ ಅಗ್ಗ ಸುಮ್ನೆ ಬಂದಿದ್ದಲ್ಲ, ಅದೂ ಗೊತ್ತು. ತಿಂಡಿ ಅಂಗಡಿ ಅಂದರೆ ಸಾಮಾನ್ಯವಾಗಿ ಮನೆಯ ಕೆಳಗಿನ ಮಹಡಿ. ಮೇಲೆ ವಾಸ, ಕೆಳಗೆ ಅಂಗಡಿ, ಬಾಡಿಗೆ ಇಲ್ಲ. ಗಂಡ ರೊಟ್ಟಿ ಬೇಯಿಸಿದರೆ ಹೆಂಡತಿ ದುಡ್ಡು ತೆಗೆದುಕೊಳ್ಳುತ್ತಾಳೆ, ಅತ್ತೆ ಕಟ್ಟಿ ಕೊಡುತ್ತಾರೆ. ಸಂಬಳದ ಆಳಿಲ್ಲ. ನಾಲ್ಕು ಮಡಚುವ ಟೇಬಲ್, ಕೆಂಪು ಪ್ಲಾಸ್ಟಿಕ್ ಸ್ಟೂಲ್. ಗಿರಾಕಿಗಳಲ್ಲಿ ಹೆಚ್ಚಿನವರು ಸ್ಕೂಟರಿನಿಂದ ಇಳಿಯದೆಯೇ ತೆಗೆದುಕೊಂಡು ಹೋಗುವವರು. ಬಾಡಿಗೆ ಕೋಣೆಗಳಲ್ಲಿ ಅಡುಗೆ ಮನೆ ಇರುವುದು ಕಡಿಮೆ. ಹಾಗಾಗಿ ಹೊರಗೆ ತಿನ್ನುವುದೇ ದಿನನಿತ್ಯದ ರೂಢಿ, ವ್ಯಾಪಾರಕ್ಕೆ ಬರ ಇಲ್ಲ. ಹಾಗಂತ ಯಾರ ಮೈಯೂ ನೋಯದೆ ಇದೆಲ್ಲ ನಡೆಯುತ್ತಿರಲಿಲ್ಲ. ಸೋಯಾ ಹಾಲು ಐದೂವರೆಗೆ ಸಿಗಬೇಕಾದರೆ ಯಾರೋ ಮೂರಕ್ಕೆ ಎದ್ದು ಅರೆಯಬೇಕು. ಆಯಿಯ ಬಲಗೈ ಮಣಿಕಟ್ಟಿಗೆ ಸದಾ ನೋವಿನ ಪ್ಲಾಸ್ಟರ್ ಅಂಟಿರುತ್ತಿತ್ತು. ಅವರ ಮಗ ತೈಪೆಯಲ್ಲಿ ಕೆಲಸದಲ್ಲಿದ್ದ, ಅಂಗಡಿ ಅವನಿಗೆ ಬೇಡವಾಗಿತ್ತು.

ಹಾಗಾಗಿ ಇಲ್ಲಿನ ಹೋಟೆಲಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಬಾಡಿಗೆ, ಅಡುಗೆಯವರ ಸಂಬಳ, ಇನ್ಶೂರೆನ್ಸ್ ಎಲ್ಲ ಇಲ್ಲಿನದ್ದು. ನಮ್ಮ ಏಷ್ಯಾ ಕಡೆಯ ಊಟ ಅಗ್ಗಕ್ಕೇ ಸಿಗಬೇಕು ಅಂತ ಪಟ್ಟು ಹಿಡಿದರೆ ಅಲ್ಲಿ ಬೇಯಿಸುವವರ ದುಡಿಮೆಯನ್ನು ಅಗ್ಗ ಮಾಡಿದ ಹಾಗಲ್ವಾ? ಇಟಲಿಯವರ ಪಾಸ್ತಾಕ್ಕೆ ಮಾತಾಡದೆ ಇಪ್ಪತ್ತೆರಡು ಕೊಡುವವರು ನೂಡಲ್ ಸೂಪಿಗೆ ಹದಿನೇಳು ಅಂದರೆ ಹುಬ್ಬೇರಿಸುತ್ತಾರೆ. ಅದು ನ್ಯಾಯ ಅಲ್ಲ. ಎರಡೂ ಮಾತು ನನ್ನೊಳಗೆ ಇವೆ. ಒಂದನ್ನು ಒಪ್ಪಿದರೆ ಇನ್ನೊಂದು ಸುಮ್ಮನಾಗುವುದಿಲ್ಲ.

ಗೋಧಿಯ ದಾರಿ

ಇನ್ನೊಂದು ವಿಷಯ ಓದಿದ ಮೇಲೆ ಆ 51 ಡಾಲರ್ ಬಿಲ್ಲು ಬೇರೆ ರೀತಿ ಕಾಣಿಸಲು ಶುರುವಾಯಿತು. ತೈವಾನ್ ಮೂಲದಲ್ಲಿ ಅನ್ನ ತಿನ್ನುವ ನಾಡು. ಗೋಧಿಯ ತಿಂಡಿಗಳು ಅಲ್ಲಿ ಮನೆಮಾತಾಗಿದ್ದು 1949ರ ನಂತರ. ಚೀನಾದ ಅಂತರ್ಯುದ್ಧದಲ್ಲಿ ಕಮ್ಯುನಿಸ್ಟರ ಎದುರು ಸೋತು ಬಂದ ಸೈನಿಕರು, ಅವರ ಕುಟುಂಬಗಳು ಉತ್ತರದ ರೊಟ್ಟಿ, ಯೋಟ್ಯಾವ್, ಸೋಯಾ ಹಾಲಿನ ರೂಢಿಯನ್ನು ಜೊತೆಗೆ ತಂದರು. ಸೈನ್ಯ ಬಿಟ್ಟವರಿಗೆ ಹೊಟ್ಟೆಪಾಡಿಗೆ ಗಾಡಿ ಅಂಗಡಿ. ತೈಪೆ ಪಕ್ಕದ ಯುಂಗ್‌ಹೋದ ಹೆಸರು ಇವತ್ತು ಎಲ್ಲ ಕಡೆ ಸೋಯಾ ಹಾಲಿನ ಬೋರ್ಡಿನ ಮೇಲೆ ಕಾಣುವುದು ಹಾಗೆ ಬಂದವರಿಂದಲೇ.

ಗೋಧಿ ಎಲ್ಲಿಂದ ಬಂತು? ಬಹುಪಾಲು ಅಮೆರಿಕದಿಂದ. 1951ರಿಂದ 1965ರವರೆಗೆ ತೈವಾನಿಗೆ ಅಮೆರಿಕದ ನೆರವು ಹರಿದು ಬಂತು, ಅದರಲ್ಲಿ ಗೋಧಿ ಮತ್ತು ಹಿಟ್ಟು ದೊಡ್ಡ ಪಾಲು. ಖಾಲಿ ಹಿಟ್ಟಿನ ಚೀಲದಲ್ಲಿ ಮಕ್ಕಳಿಗೆ ಚಡ್ಡಿ ಹೊಲಿಯುತ್ತಿದ್ದರಂತೆ. ಚೀಲದ ಮೇಲೆ ಕೈ ಕುಲುಕುವ ಚಿತ್ರ, ಚೀನಾ ಅಮೆರಿಕ ಸಹಕಾರ ಅನ್ನುವ ಅಕ್ಷರ. ಆ ಕಾಲದವರು ಈಗಲೂ ಆ ಚಡ್ಡಿಯ ಕಥೆ ಹೇಳುತ್ತಾರೆ. ನೆರವಿನ ಹಿಟ್ಟಿನಲ್ಲಿ, ಊರು ಕಳೆದುಕೊಂಡವರ ಕೈಯಲ್ಲಿ ಬೆಳೆದ ತಿಂಡಿ ಅದು. ಬಡತನಕ್ಕೆ ಹೊಂದಿಕೊಂಡ ತಿಂಡಿ. ಅದೇ ಈಗ ಸಾಗರ ದಾಟಿ ಗೋಧಿ ಬೆಳೆದ ದೇಶಕ್ಕೇ ಬಂದು ಕೂತಿದೆ.

ಬೋರ್ಡು ನೋಡಿ ಹೋಗಬಾರದು

ಇಲ್ಲಿಗೆ ಬಂದು ಎಂಟು ವರ್ಷ ಆಯಿತು. ಹುಡುಕಿ ಹುಡುಕಿ ಒಂದು ತಿಳಿದಿದೆ. ಬೋರ್ಡಿನಲ್ಲಿ ತೈವಾನ್ ಅಂತ ದೊಡ್ಡದಾಗಿ ಬರೆದ ಕಡೆ ಅಗ್ಗದ ಊಟ ಸಿಗುವುದು ಕಡಿಮೆ. ಆ ಹೆಸರಿಗೆ ಈಗ ಬೆಲೆ ಬಂದಿದೆ. ಹಳಬರು ತಿನ್ನುವುದು ಬೇರೆ ಕಡೆ.

ಹಳಬರು ಅಂದರೆ 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ಓದಲು ಬಂದು ಉಳಿದವರು. 1982ರಿಂದ ತೈವಾನಿಗೆ ಚೀನಾದಿಂದ ಬೇರೆಯಾಗಿ ವರ್ಷಕ್ಕೆ 20,000ದವರೆಗೆ ವಲಸೆ ವೀಸಾ ಕೊಡಲು ಶುರು ಮಾಡಿದಾಗ ಕುಟುಂಬಗಳೂ ಬಂದವು. ಲಾಸ್ ಏಂಜಲಿಸ್ ಪಕ್ಕದ ಮಾಂಟೆರೆ ಪಾರ್ಕಿಗೆ ಲಿಟಲ್ ತೈಪೆ ಅಂತಲೇ ಹೆಸರು ಬಿತ್ತು. 1984ರಲ್ಲಿ ತೈವಾನಿನಿಂದ ಬಂದವರೊಬ್ಬರು ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ನೈಂಟಿನೈನ್ ರ‍್ಯಾಂಚ್ ಇವತ್ತು ದೊಡ್ಡ ಸೂಪರ್ ಮಾರ್ಕೆಟ್ ಸರಣಿ. ನಮ್ಮ ಕಡೆಗೆ, ಅಂದರೆ ಸಿಲಿಕಾನ್ ವ್ಯಾಲಿಗೆ, ಬಂದವರಲ್ಲಿ ಇಂಜಿನಿಯರುಗಳು ಜಾಸ್ತಿ. ಎಲೆಕ್ಟ್ರಾನಿಕ್ಸ್ ಕಂಪನಿಗಳ ತಾಣವಾದ ಶಿಂಚು ಸೈನ್ಸ್ ಪಾರ್ಕ್ 1980ರಲ್ಲಿ ತೆರೆದಾಗಿನಿಂದ ಆ ಊರಿಗೂ ಈ ಊರಿಗೂ ಓಡಾಟ ನಿಂತಿಲ್ಲ. ನಾನು ಬಂದಿದ್ದೂ ಅದೇ ದಾರಿಯಲ್ಲಿ.

ಈ ಹಿರಿಯರು ದಿನಾ ತಿನ್ನುವುದು ಸೂಪರ್ ಮಾರ್ಕೆಟ್ಟಿನ ಹಿಂಭಾಗದ ಬಿಸಿ ಊಟದ ಕೌಂಟರಿನಲ್ಲಿ. ಬೇಕರಿಯಲ್ಲಿ ಸಂಜೆ ಹೊತ್ತಿಗೆ ಸಿಗುವ ಕೆಸುವಿನ ಗಡ್ಡೆ ತುಂಬಿದ ಬನ್ನಿನಲ್ಲಿ. ಗೋಡೆಗೆ ಅಂಟಿಸಿದ ಕೈಬರಹದ ಕಾಗದಗಳಲ್ಲಿ. ಇಂಗ್ಲಿಷ್ ಮೆನುವಿನಲ್ಲಿ ಇಲ್ಲದ್ದು ಅಲ್ಲಿ ಇರುತ್ತದೆ. ಫ್ರೀಜರಿನಲ್ಲಿ ಈರುಳ್ಳಿ ಸೊಪ್ಪಿನ ರೊಟ್ಟಿಯ ಪ್ಯಾಕೆಟ್ ಸಿಗುತ್ತದೆ, ಒಂದು ರೊಟ್ಟಿಗೆ ಒಂದು ಡಾಲರೂ ಬೀಳುವುದಿಲ್ಲ. ನೀರುದೋಸೆಯ ಕಾವಲಿ ಮೇಲೆ ಅದನ್ನು ಹಾಕಿ, ಒಂದು ಮೊಟ್ಟೆ ಒಡೆದು ಹರಡಿ, ಮಗುಚಿ ಸುತ್ತಿದರೆ ಹತ್ತಿರ ಹತ್ತಿರ ದಾನ್‌ಬಿಂಗೇ. ವಾರದ ದಿನ ನಮ್ಮ ಮನೆಯಲ್ಲಿ ಈಗ ಅದೇ ನಡೆಯುತ್ತಿದೆ. ಸೋಯಾ ಹಾಲನ್ನು ಮಾತ್ರ ಮನೆಯಲ್ಲಿ ಸರಿಯಾಗಿ ಮಾಡಲು ನನಗೆ ಇನ್ನೂ ಬಂದಿಲ್ಲ. ಹಸಿ ವಾಸನೆ ಹೋಗುವುದಿಲ್ಲ.

ಇನ್ನೊಂದು ಜಾಗ ದೇವಸ್ಥಾನ. ಹೋದ ವರ್ಷ ಲಾಸ್ ಏಂಜಲಿಸ್ ಕಡೆ ಹೋದಾಗ ಹಾಸಿಯೆಂಡಾ ಹೈಟ್ಸ್‌ನ ಶೀ ಲಾಯ್ ದೇವಸ್ಥಾನಕ್ಕೆ ಹೋಗಿದ್ದೆವು. ಶೀ ಲಾಯ್ ಅಂದರೆ ಪಶ್ಚಿಮಕ್ಕೆ ಬಂದದ್ದು ಅಂತ. ತೈವಾನಿನ ಫೋ ಗುವಾಂಗ್ ಶಾನ್ ಮಠದವರು 1988ರಲ್ಲಿ ಗುಡ್ಡದ ಮೇಲೆ ಕಟ್ಟಿ ಮುಗಿಸಿದ್ದು. ಅಲ್ಲಿ ಮಧ್ಯಾಹ್ನ ಸಸ್ಯಾಹಾರದ ಊಟ ಇರುತ್ತದೆ, ಯಾರು ಬೇಕಾದರೂ ಹೋಗಬಹುದು. ಉದ್ದಕ್ಕೆ ಟ್ರೇಗಳು. ಎಲೆಕೋಸು, ತೋಫು, ಆ ಗೋಧಿ ಅಂಟಿನ ತುಂಡುಗಳು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಇಂಗೂ ಇಲ್ಲ. ಮೊದಲ ತುತ್ತಿಗೇ ಗ್ವಾಂಗ್‌ಫು ರಸ್ತೆಯ ಓಣಿ ಕಣ್ಣ ಮುಂದೆ ಬಂತು. ನನ್ನ ಗಂಡ ಎರಡು ಸಲ ಹಾಕಿಸಿಕೊಂಡರು. "ಕೃಷ್ಣ ಮಠದ ಊಟದ ಹಾಗಿದೆ" ಅಂದರು. ಸಾರು ಇರಲಿಲ್ಲ, ತೆಂಗಿನಕಾಯಿ ಇರಲಿಲ್ಲ. ಆದರೂ ಅವರು ಹೇಳಿದ್ದು ನನಗೆ ಅರ್ಥವಾಯಿತು. ತೈವಾನಿನಲ್ಲಿ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗೆ, ಮಾಂಸ ಬಿಡುವವರು ಎಷ್ಟೋ ಜನ. ಆ ಎರಡು ದಿನ ಆಯಿಯ ಅಂಗಡಿಯಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ. ಮಾರುವ ಊಟ ಆ ಎರಡು ದಿನ ನೈವೇದ್ಯದ ಹತ್ತಿರ ಹೋಗಿಬಿಡುತ್ತಿತ್ತು.

ಆಯಿಯ ಅಂಗಡಿ ಈಗ ಇಲ್ಲ. ಮೂರು ವರ್ಷದ ಹಿಂದೆ ಆ ಗೆಳತಿ ಫೋಟೊ ಕಳಿಸಿದ್ದಳು, ಅರ್ಧ ಎಳೆದ ಶಟರ್, ಬೋರ್ಡಿನ ಮೇಲೆ ಸ್ವಸ್ತಿಕ ಮಾಸಿದೆ. ಆಯಿ ಮಗನ ಮನೆಗೆ ಹೋದರಂತೆ. ಕೈ ನೋವು ಕಡಿಮೆ ಆಗಿರಬೇಕು.

ಹೋದ ಬುಧವಾರ ಆಫೀಸಿನಿಂದ ಬರುವಾಗ ಅಡುಗೆ ಮಾಡುವ ಮನಸ್ಸಿರಲಿಲ್ಲ. ದಾರಿಯ ಸೂಪರ್ ಮಾರ್ಕೆಟ್ಟಿನ ಹಿಂಭಾಗಕ್ಕೆ ಹೋದೆ. ಅನ್ನ, ಮೂರು ಪಲ್ಯ, ಒಂದು ಡಬ್ಬಿ, ಹನ್ನೊಂದು ಡಾಲರ್ ಚಿಲ್ಲರೆ. ಗಾಜಿನ ಆಚೆ ಇದ್ದ ಹೆಂಗಸು ಮಾಂಸದ ಸೌಟು ಹಿಡಿದಿದ್ದರು. ತಪ್ಪುತಪ್ಪಾದ ಉಚ್ಚಾರದಲ್ಲಿ "ವೋ ಛ್ರ ಸೂ" ಅಂದೆ, ನಾನು ಸಸ್ಯಾಹಾರಿ ಅಂತ. ಅವರು ಆ ಸೌಟು ಕೆಳಗಿಟ್ಟು, ಬೇರೆ ಸೌಟು ತೆಗೆದುಕೊಂಡರು. ತಲೆ ಎತ್ತಿ, "ದಾನ್ ಕ ಈ ಮಾ?" ಅಂದರು. ಮೊಟ್ಟೆ ಆಗುತ್ತಾ? ಶಿಂಚುವಿನಲ್ಲಿ ಐದು ವರ್ಷ ಪ್ರತಿ ಹೊಸ ಅಂಗಡಿಯಲ್ಲೂ ಕೇಳಿದ ಪ್ರಶ್ನೆ. ಆಗುತ್ತೆ ಅಂದೆ. ಎಲೆಕೋಸು, ಬದನೆ, ತೋಫು ತುಂಬಿಸಿ, ಡಬ್ಬಿಗೆ ಬೆಲೆಯ ಚೀಟಿ ಅಂಟಿಸಿದರು. ಆಮೇಲೆ ಮುಚ್ಚಳ ಮತ್ತೆ ಅರ್ಧ ತೆರೆದು, ಸೋಯಾ ಸಾಸಿನಲ್ಲಿ ಬೆಂದ ಒಂದು ಕಂದು ಮೊಟ್ಟೆಯನ್ನು ಅನ್ನದ ಮೂಲೆಗೆ ಒತ್ತಿಟ್ಟು ಮುಚ್ಚಿದರು. ಅಷ್ಟರಲ್ಲಿ ಅವರ ಕಣ್ಣು ನನ್ನ ಹಿಂದೆ ನಿಂತವರ ಕಡೆ ಹೋಗಿತ್ತು.